ಬಾಲಂಗೋಚಿ

ವಾಸ್ಕೋದಲ್ಲಿ, ಲೇಬರ್ ಆಫೀಸಿನ ಮೆಟ್ಟಿಲ ಕೆಳಗೆ
ನನ್ನದೊಂದು ಜೆರಾಕ್ಸ್ ಅಂಗಡಿ.
ಮೇಲೆ ಕನ್ನಡ ಬಂದಾಗಲೆಲ್ಲ ಜವಾನ ಅರ್ಧ ಇಳಿದು ಕೂಗುತ್ತಾನೆ:
"ಮಾಸ್ತರ್, ತುಮ್ಚಿ ಭಾಸ್ ಆಯ್ಲ್ಯಾ!"
ಯಂತ್ರ ಆರಿಸಿ ಹೋಗುತ್ತೇನೆ.
ಒಂದು ಚಹಾ ಸಿಗುತ್ತದೆ. ಸಂಬಳವಿಲ್ಲ.

ಇಂಗ್ಲಿಷು ನನಗೆ ಬಂದದ್ದು ಬ್ರಗಾಂಜಾ ಟೀಚರಿಂದ.
ಬಂದರಿನ ಕಲ್ಲಿದ್ದಲ ಪುಡಿ ಕೂತ ಬೆಂಚನ್ನು
ಕರ್ಚೀಫಿನಿಂದ ಒರೆಸಿಕೊಂಡು ಹೇಳುತ್ತಿದ್ದರು:
ವಾಕ್ಯವೆಂದರೆ ಗಾಳಿಪಟ, ಕೊನೆಗೊಂದು ಬಾಲಂಗೋಚಿ.
ಪಟ ಹೌದೆಂದರೆ ಬಾಲ ಅಲ್ಲವೆನ್ನಬೇಕು,
ಪಟ ಇಲ್ಲವೆಂದರೆ ಬಾಲ ಹೌದೆನ್ನಬೇಕು,
ತಪ್ಪಿದರೆ ಗೋತಾ ಹೊಡೆದು ಬೀಳುತ್ತದೆ.
ಇಸ್ ಇದ್ದರೆ ಇಸಂಟ್, ಕ್ಯಾನ್ ಇದ್ದರೆ ಕಾಂಟ್,
ಏನೂ ಕಾಣದಿದ್ದರೆ ಒಳಗೆ ಅಡಗಿ ಕೂತ ಡೂ-ನ
ಕಿವಿ ಹಿಡಿದು ಎಳೆದು ತಾ.
ಹಾರ್ಡ್ಲಿ, ನೆವರ್, ನೋಬಡಿ,
ಇವೆಲ್ಲ ಸಭ್ಯ ಅಂಗಿ ತೊಟ್ಟ ಇಲ್ಲಗಳು, ಮೋಸಹೋಗಬೇಡ.

"ಐ ಆಮ್‌ಗೆ, ಟೀಚರ್?"
"ಆರಂಟ್ ಐ."
"ಒಬ್ಬನೇ ಇದ್ದರೂ ಆರ್?"
"ಒಬ್ಬನೇ ಇದ್ದಾಗಲೇ ಜಾಸ್ತಿ ಜನ ಬೇಕಾಗೋದು, ನೋ?"
ಎಂದವರು, ತಮ್ಮ ಬಾಲ ತಾವೇ ತಪ್ಪಿದ್ದು ತಿಳಿದು
ನಾಲಿಗೆ ಕಚ್ಚಿಕೊಂಡರು.

ಗೋವೆಯ ಬಾಯಿಗೆ ಅದೊಂದೇ ಸಾಕು.
ಪಾವ್ ಬಿಸಿ ಇದೆ, ನೋ? ಫೆರಿ ಹೋಯಿತು, ನೋ? ಅವನು ಸತ್ತ, ನೋ?
ನಮ್ಮಪ್ಪನಿಗೂ ಒಂದೇ ಇತ್ತು: ಹೌದಿಲ್ಲೊ?
ಬಾರ್ಜಿನ ತುಕ್ಕು ಕೆರೆದು ಬಂದು, ಊಟಕ್ಕೆ ಕೂತು,
ಗೋಡೆಯನ್ನು ಕೇಳುತ್ತಿದ್ದ.

ನಿನ್ನೆ ಮೇಲೆ ಬಂದವಳು ಫಕೀರವ್ವ,
ಹುನಗುಂದದ ಕಡೆಯವಳು.
ಚಿಕಾಲಿಮ್ಮಿನ ಹೊಸ ಕಟ್ಟಡಕ್ಕೆ ಮೂರು ತಿಂಗಳು ಇಟ್ಟಿಗೆ ಹೊತ್ತವಳು.
ಸಾಹೇಬರು ಒಳ್ಳೆಯವರೇ, ಮೆಲ್ಲಗೆ ಕೇಳಿದರು:
"ಹಿ ಡಿಡಂಟ್ ಪೇ ಯೂ, ಡಿಡ್ ಹೀ?"
ನಾನು ಬಾಯಿ ತೆರೆಯುವ ಮೊದಲೇ
ಪೇ ಎಂಬುದನ್ನು ಹಿಡಿದುಬಿಟ್ಟಳು.
ಸೆರಗು ಸರಿಮಾಡಿ, ನೆಟ್ಟಗೆ ನಿಂತು,
ಜೀವಮಾನದ ಮೊದಲ ಇಂಗ್ಲಿಷು ಆಡಿದಳು:
"ಯೆಸ್ ಸರ್."

ಟೈಪಿನ ಹುಡುಗಿ ಹೊಡೆದೇಬಿಟ್ಟಳು: ಯೆಸ್. ಹಣ ಮುಟ್ಟಿದೆ.

"ತಡೀರಿ" ಅಂದೆ, ಗಾಬರಿಗೆ ಕನ್ನಡದಲ್ಲೇ.
ಹೇಗೆ ತಿಳಿಸಲಿ?
ನಮ್ಮ ಹೌದು ಆಡಿದವರ ಮಾತಿಗೆ, ನೀವಂದದ್ದು ಖರೆ ಎಂದು.
ಇವರ ಯೆಸ್ಸು ನಡೆದ ಸಂಗತಿಗೆ,
ಕೇಳಿದವರ ಮುಖ ಕೂಡ ನೋಡುವುದಿಲ್ಲ ಅದು.
ಇಷ್ಟು ಹೇಳುವಷ್ಟರಲ್ಲಿ ಕಂತ್ರಾಟುದಾರನ ವಕೀಲ ಎದ್ದ:
"ದಿ ಲೇಡಿ ಸೆಡ್ ಯೆಸ್, ಡಿಡಂಟ್ ಶೀ?"
ದನಿ ಏರಲಿಲ್ಲ, ಇಳಿಯಿತು.

ಬೋರ್ಡಿನ ಮೇಲೆ ಟೀಚರ್ ಎರಡು ಬಾಣ ಬರೆದಿದ್ದರು.
ಮೇಲ್ಮುಖದ್ದು ಕೇಳುತ್ತದೆ,
ಕೆಳಮುಖದ್ದು ಬಾಗಿಲು ಹಾಕಿಕೊಂಡೇ ಬರುತ್ತದೆ.
ವ್ಯಾಕರಣದಲ್ಲಿ ಅದಕ್ಕಿದ್ದ ಉತ್ತರ ಒಂದೇ.
"ಯೆಸ್, ಶೀ ಡಿಡ್" ಎಂದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿ,
"ನಿಮ್ಮ ಮಾತಲ್ಲೇ ಕೇಳಿ" ಅಂದರು.
ಬಾಲ ಕತ್ತರಿಸಿ ಕೇಳಿದೆ:
"ರೊಕ್ಕ ಕೊಟ್ಟಾನೊ, ಇಲ್ಲೊ?"
"ಏಳ್ನೂರಾ ಐವತ್ತು ಕೊಟ್ಟಾನ್ರಿ, ದೀಪಾವಳಿಗೆ.
ಇಲ್ಲಂತ ಸುಳ್ಳ ಹೇಳಾಕ ಬರಂಗಿಲ್ಲ."

ಹುಡುಗಿಯ ಬೆರಳು ಕೀಲಿಮಣೆಯ ಮೇಲೆ ನಿಂತೇ ಇತ್ತು.
ಮುಂದಿನ ತಾರೀಕು ಹದಿನೇಳು.

ಇಳಿಯುವಾಗ ಫಕೀರವ್ವ, ಕಂಬಿ ಹಿಡಿದುಕೊಂಡು,
"ಇಂಗ್ಲಿಷು ಛಲೊ ಮಾತಾಡಿದ್ನಿ, ಹೌದಿಲ್ಲೊ?"
ಅವಳ ದನಿ ಮೇಲೇರಿ, ತಂತಿಗೆ ಸಿಕ್ಕ ಪಟದ ಹಾಗೆ
ಅಲ್ಲೇ ಪಟಪಟ ಬಡಿಯುತ್ತಿತ್ತು.
ಹಾಜರಿ ಚೀಟಿಯ ಎರಡು ಪ್ರತಿ ತೆಗೆದುಕೊಟ್ಟೆ.
ದುಡ್ಡು ಬೇಡವೆಂದೆ.
ಕೊಟ್ಟೇ ಹೋದಳು, ನಾಲ್ಕು ರೂಪಾಯಿ, ಎಣಿಸಿ.